ಕ್ರಿಯಾಪದ ಕೊನೆಗೆ ಬಂದ್ರೆ ನಗೋದೇನಿದೆ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ವಾರಾಂತ್ಯದ ಜರ್ಮನ್ ಕ್ಲಾಸಿಗೆ ಸೇರಿದ್ದೆ. ಆಫೀಸಿನಲ್ಲಿ ಜರ್ಮನ್ ಕ್ಲೈಂಟ್ ಇದ್ದರು, ನನಗೆ ಆನ್‌ಸೈಟ್ ಆಸೆ ಇತ್ತು, ಇಷ್ಟೇ ಕಾರಣ. ಕ್ಲಾಸಿನಲ್ಲಿ ಮುಕ್ಕಾಲು ಪಾಲು ನನ್ನಂಥ ಸಾಫ್ಟ್‌ವೇರಿನವರು. ಹಿಂದಿನ ಬೆಂಚಿನಲ್ಲಿ ಹಾಸನದ ಕಡೆಯ ಒಬ್ಬರು ನರ್ಸ್ ಕೂರುತ್ತಿದ್ದರು. ನೈಟ್ ಶಿಫ್ಟ್ ಮುಗಿಸಿ ನೇರ ಕ್ಲಾಸಿಗೆ ಬರೋರು. ನಮಗೆ ಜರ್ಮನ್ ಅನ್ನೋದು ರೆಸ್ಯೂಮೆಯಲ್ಲಿ ಒಂದು ಸಾಲು. ಅವರಿಗೆ ಹಾಗಲ್ಲ. ಬಿ2 ಪರೀಕ್ಷೆ ಪಾಸಾದರೆ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ. ಇಲ್ಲಾಂದ್ರೆ ಅದಕ್ಕಾಗಿ ಮಾಡಿದ ಸಾಲ ಮಾತ್ರ ಉಳಿಯುತ್ತೆ.

ಒಂದು ದಿನ ನಮ್ಮ ಟೀಚರ್ ಜರ್ಮನ್ ಉಪವಾಕ್ಯಗಳ ಪಾಠ ಮಾಡಿದರು. 'ಯಾಕಂದ್ರೆ' ಅಂತ ಶುರುವಾಗುವ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತೆ ಅನ್ನೋದು ಅವತ್ತಿನ ವಿಷಯ. ಪಾಠ ನಡೆಯೋದು ಇಂಗ್ಲಿಷಿನಲ್ಲಿ. ಎಲ್ಲರ ಮುಖ ಬಾಡಿತು. ಸಮಾಧಾನಕ್ಕೆ ಅಂತ ಟೀಚರ್ ಒಂದು ಜೆರಾಕ್ಸ್ ಹಂಚಿದರು: ಮಾರ್ಕ್ ಟ್ವೇನ್ ಬರೆದ 'ದಿ ಆಫುಲ್ ಜರ್ಮನ್ ಲ್ಯಾಂಗ್ವೇಜ್'. ಅದರಲ್ಲಿ ಟ್ವೇನ್ ಜರ್ಮನ್ ಕ್ರಿಯಾಪದ ಎಷ್ಟು ದೂರದಲ್ಲಿರುತ್ತೆ ಅಂತ ಗೇಲಿ ಮಾಡುವ ಭಾಗ ಓದಿ ಕ್ಲಾಸೆಲ್ಲಾ ನಕ್ಕಿತು. ನಾನೂ ನಕ್ಕೆ.

ಟೀ ಕುಡಿಯೋಕೆ ಹೊರಗೆ ಬಂದಾಗ ಆ ನರ್ಸ್ ಕೇಳಿದರು, "ಸರ್, ಅದರಲ್ಲಿ ನಗೋದೇನಿತ್ತು? ನಾವು ಮಾತಾಡೋದೇ ಹಂಗಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ನೋಟ್‌ಬುಕ್ ತೆಗೆದು ನೋಡಿದೆ. 'ಯಾಕಂದ್ರೆ ನಾನು ನಿನ್ನೆ ರೈಲಿನಲ್ಲಿ ಒಂದು ಪುಸ್ತಕ ಓದಿದ್ದೆ.' ಜರ್ಮನ್: 'ವೈಲ್ ಇಷ್ ಗೆಸ್ಟರ್ನ್ ಇಮ್ ತ್ಸೂಕ್ ಐನ್ ಬೂಖ್ ಗೆಲೇಸೆನ್ ಹಾಬೆ.' ಯಾಕಂದ್ರೆ, ನಾನು, ನಿನ್ನೆ, ರೈಲಿನಲ್ಲಿ, ಒಂದು, ಪುಸ್ತಕ. ಕೊನೆಗೆ 'ಗೆಲೇಸೆನ್' ಅಂದರೆ 'ಓದಿ', 'ಹಾಬೆ' ಅಂದರೆ ನಮ್ಮ 'ಇದ್ದೆ'ಯ ಜಾಗದಲ್ಲಿ ನಿಂತ ಸಹಾಯಕ ಕ್ರಿಯಾಪದ. ಒಂದು ಪದವನ್ನೂ ಅಲ್ಲಾಡಿಸಬೇಕಾಗಿಲ್ಲ. ಹದಿನೈದು ಜನ ಕನ್ನಡದವರು ಕೂತು, ಕನ್ನಡದ ಪದಕ್ರಮವನ್ನೇ ನೋಡಿ, ಒಬ್ಬ ಅಮೆರಿಕನ್ನನ ಜೊತೆ ಸೇರಿಕೊಂಡು ನಕ್ಕಿದ್ದೆವು.

ಅವತ್ತಿಂದ ಆ ಪ್ರಬಂಧವನ್ನು ಬೇರೆ ಥರ ಓದೋಕೆ ಶುರು ಮಾಡಿದೆ. ಈ ಬರಹ ಅದರ ಫಲ.

ಮೊದಲು ಟ್ವೇನ್‌ಗೆ ನ್ಯಾಯ ಸಲ್ಲಿಸೋಣ. ಅವನು 1878ರಲ್ಲಿ ಹೈಡೆಲ್‌ಬರ್ಗಿನಲ್ಲಿದ್ದ. ಆ ಪ್ರವಾಸದ ಪುಸ್ತಕ 'ಎ ಟ್ರ್ಯಾಂಪ್ ಅಬ್ರಾಡ್' 1880ರಲ್ಲಿ ಬಂತು, ಈ ಪ್ರಬಂಧ ಅದರ ಕೊನೆಯಲ್ಲಿ ಅನುಬಂಧವಾಗಿ ಸೇರಿದೆ. ತಮಾಷೆ ನಿಜಕ್ಕೂ ಚೆನ್ನಾಗಿದೆ, ಅದರ ಅರ್ಧ ಏಟು ಅವನ ಮೇಲೇ ಬೀಳುತ್ತೆ. ತನ್ನ ಹರಕು ಜರ್ಮನ್ ಕೇಳಿ ಹೈಡೆಲ್‌ಬರ್ಗ್ ಕೋಟೆಯ ಮ್ಯೂಸಿಯಂನವನು ಅದನ್ನೂ ಅಪರೂಪದ ವಸ್ತುಗಳ ಜೊತೆ ಇಟ್ಕೊಳ್ಳೋಣ ಅಂದ ಅಂತ ಬರೀತಾನೆ. ಜರ್ಮನ್ನಿನಲ್ಲಿ ಬರೆದ ಹಾಗೇ ಓದಬಹುದು ಅಂತ ಹೊಗಳ್ತಾನೆ. 1897ರಲ್ಲಿ ವಿಯೆನ್ನಾದ ಪತ್ರಕರ್ತರ ಕ್ಲಬ್ಬಿನಲ್ಲಿ ಇದೇ ವಿಷಯದ ಮೇಲೆ ಜರ್ಮನ್ನಿನಲ್ಲೇ ಭಾಷಣ ಮಾಡಿದ. ದ್ವೇಷ ಇರೋನು ಹೀಗೆ ಮಾಡಲ್ಲ.

ಆದರೆ ಅವನ ದೂರುಗಳ ಪಟ್ಟಿ ನೋಡಿ. ಕ್ರಿಯಾಪದ ಕೊನೆಗೆ ಬರುತ್ತೆ. ವಿಭಕ್ತಿಗಳು ಜಾಸ್ತಿ. ಗೆಡ್ಡೆ ತರಕಾರಿಗೆ ಸ್ತ್ರೀಲಿಂಗ, ಹುಡುಗಿಗೆ ನಪುಂಸಕ. ಪದಗಳನ್ನು ಒಂದಕ್ಕೊಂದು ಅಂಟಿಸಿ ರೈಲಿನಷ್ಟು ಉದ್ದ ಮಾಡ್ತಾರೆ. ಇವು ನಿಜವೇ. ಆದರೆ ಅಳತೆಗೋಲು ಯಾವುದು? ಇಂಗ್ಲಿಷ್. ಇಂಗ್ಲಿಷಿನಲ್ಲಿ ಇಲ್ಲದ್ದೆಲ್ಲಾ ವಿಚಿತ್ರ, ಅಷ್ಟೇ. ವಿಭಕ್ತಿ ಇರುವ, ಸಮಾಸ ಮಾಡುವ, ಕ್ರಿಯಾಪದವನ್ನು ಕೊನೆಗಿಡುವ ಭಾಷೆಯವರಿಗೆ ಈ ಪಟ್ಟಿಯಲ್ಲಿ ಉಳಿಯೋ ಜೋಕು ಒಂದೇ: ಗೆಡ್ಡೆ ಮತ್ತು ಹುಡುಗಿಯದು.

ಇದಕ್ಕಿಂತ ನೂರು ವರ್ಷ ಮುಂಚೆ ಇದೇ ಕೆಲಸವನ್ನು ಇನ್ನೊಬ್ಬ ಮಾಡಿದ್ದ, ಅದೂ ತಮಾಷೆ ಇಲ್ಲದೆ. ಬರ್ಲಿನ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು: ಫ್ರೆಂಚ್ ಯೂರೋಪಿನ ಸಾರ್ವತ್ರಿಕ ಭಾಷೆಯಾದದ್ದು ಹೇಗೆ, ಅದಕ್ಕೆ ಆ ಯೋಗ್ಯತೆ ಯಾಕೆ ಇದೆ? ಜರ್ಮನಿಯ ನಡುವೆ ಕೂತು ಕೇಳಿದ ಪ್ರಶ್ನೆ ಇದು! ರಾಜ ಫ್ರೆಡ್ರಿಕ್ ಸ್ವತಃ ಫ್ರೆಂಚಿನಲ್ಲಿ ಬರೆಯುತ್ತಿದ್ದವನು. 1780ರಲ್ಲಿ ಜರ್ಮನ್ ಸಾಹಿತ್ಯದ ಬಗ್ಗೆ ಪುಸ್ತಕ ಬರೆದಾಗ, ಜರ್ಮನ್ ಕಿವಿಗೆ ಒರಟು, 'ಸಾಗೆನ್', 'ಗೇಬೆನ್' ಇಂಥ ಕ್ರಿಯಾಪದಗಳ ಕೊನೆಗೆ ಒಂದು 'ಆ' ಸೇರಿಸಿ 'ಸಾಗೆನಾ', 'ಗೇಬೆನಾ' ಮಾಡಿದರೆ ಇಂಪಾಗುತ್ತೆ ಅಂತ ಸಲಹೆ ಕೊಟ್ಟವನು. ಅದನ್ನೂ ಬರೆದದ್ದು ಫ್ರೆಂಚಿನಲ್ಲೇ.

1784ರಲ್ಲಿ ಆ ಬಹುಮಾನ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ಆಂಟ್ವಾನ್ ರಿವರೋಲ್. ಅವನ ವಾದದ ತಿರುಳು ಇದು: ಫ್ರೆಂಚ್ ಮೊದಲು ಕರ್ತೃವನ್ನು ಹೇಳುತ್ತೆ, ಆಮೇಲೆ ಕ್ರಿಯೆ, ಆಮೇಲೆ ಕರ್ಮ. ಬುದ್ಧಿ ಯೋಚಿಸುವ ಸಹಜ ಕ್ರಮವೇ ಇದು. ಬೇರೆ ಭಾಷೆಗಳು ಭಾವಾವೇಶಕ್ಕೆ ಸಿಕ್ಕಿ ಪದಗಳನ್ನು ಹಿಂದೆಮುಂದೆ ಮಾಡುತ್ತವೆ, ಫ್ರೆಂಚ್ ಹಾಗೆ ಮಾಡಲ್ಲ, ಅದಕ್ಕೇ ಅದು ಸ್ಪಷ್ಟ. ಈ ಮಾತು ಎಷ್ಟು ಬೇರೂರಿತು ಅಂದರೆ, ಇವತ್ತಿಗೂ ಫ್ರೆಂಚ್ ಅಂದರೆ ಸ್ಪಷ್ಟತೆ, ಜರ್ಮನ್ ಅಂದರೆ ಗಂಟು ಅಂತ ಫ್ರೆಂಚೂ ಜರ್ಮನ್ನೂ ಬಾರದವರೂ ಹೇಳ್ತಾರೆ.

ಈಗ ಈ ಎರಡು ಭಾಷೆಗಳ ಅತಿ ಪ್ರಸಿದ್ಧ ವಾಕ್ಯಗಳನ್ನು ನೋಡೋಣ. ಸಿನಿಮಾ ನೋಡೋರಿಗೆಲ್ಲಾ ಗೊತ್ತಿರೋದೇ.

ಜರ್ಮನ್: 'ಇಷ್ ಲೀಬೆ ದಿಷ್.' ಅಂದರೆ ನಾನು, ಪ್ರೀತಿಸ್ತೀನಿ, ನಿನ್ನ.
ಫ್ರೆಂಚ್: 'ಜ ತೇಮ್.' ಅಂದರೆ ನಾನು, ನಿನ್ನ, ಪ್ರೀತಿಸ್ತೀನಿ.

ನೋಡಿದ್ರಾ? ಕ್ರಿಯಾಪದವನ್ನು ಕೊನೆಗೆ ತಳ್ಳುತ್ತೆ ಅಂತ ಟ್ವೇನ್ ಬೈದ ಜರ್ಮನ್ ಇಲ್ಲಿ ಇಂಗ್ಲಿಷಿನ ಹಾಗೇ ನಿಂತಿದೆ. ಬುದ್ಧಿಯ ಕ್ರಮ ಬಿಟ್ಟು ಕದಲಲ್ಲ ಅಂತ ರಿವರೋಲ್ ಹೊಗಳಿದ ಫ್ರೆಂಚ್, ಕನ್ನಡದ ಹಾಗೆ ಕ್ರಿಯಾಪದವನ್ನು ಕೊನೆಗಿಟ್ಟಿದೆ. ಕರ್ಮ ಸರ್ವನಾಮ ಆದಾಗ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮೂರೂ ಅದನ್ನು ಸಾಮಾನ್ಯವಾಗಿ ಕ್ರಿಯಾಪದದ ಮುಂದೆ ತರುತ್ತವೆ. ಸ್ಪ್ಯಾನಿಷಿನವರಂತೂ 'ನಾನು' ಕೂಡ ಬಿಟ್ಟು 'ತೆ ಕಿಯೆರೊ' ಅಂತಾರೆ, 'ನಿನ್ನ ಪ್ರೀತಿಸ್ತೀನಿ.' 'ನಾಳೆ ಬರ್ತೀನಿ' ಅನ್ನುವಾಗ ನಾವು 'ನಾನು' ಹೇಳ್ತೀವಾ? ಕ್ರಿಯಾಪದದ ಬಾಲದಲ್ಲೇ ಕರ್ತೃ ಇದ್ದಾನೆ. ಹಾಗೇ ಇದು.

ಅಂದ ಹಾಗೆ, ರೊಮ್ಯಾನ್ಸ್ ಭಾಷೆಗಳು ಅಂದರೆ ಪ್ರೇಮದ ಭಾಷೆಗಳು ಅಂತ ಅಲ್ಲ. ರೋಮಿನವರ ಆಡುಮಾತಿನ ಲ್ಯಾಟಿನ್ನಿನಿಂದ ಹುಟ್ಟಿದವು ಅಂತ ಅರ್ಥ. ಜರ್ಮಾನಿಕ್ ಅಂದರೂ ಬರೀ ಜರ್ಮನ್ ಅಲ್ಲ. ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್, ಜೊತೆಗೆ ನಮ್ಮ ಆಫೀಸಿನ ಇಂಗ್ಲಿಷ್ ಎಲ್ಲಾ ಆ ಮನೆಯವೇ.

ಹಾಗಾದ್ರೆ ಈ ಎರಡು ಮನೆಗಳಿಗೆ ನಿಜವಾದ ವ್ಯತ್ಯಾಸ ಏನು? 'ಕಷ್ಟ', 'ಸುಲಭ' ಅನ್ನೋದನ್ನ ಬದಿಗಿಟ್ಟು, ಪ್ರತಿ ಭಾಷೆ ತನ್ನ ಭಾರವನ್ನು ಎಲ್ಲಿ ಹೊರಿಸಿದೆ ಅಂತ ನೋಡಿದರೆ ಚಿತ್ರ ತಿಳಿಯಾಗುತ್ತೆ.

ರೊಮ್ಯಾನ್ಸ್ ಭಾಷೆಗಳು ಭಾರವನ್ನು ಕ್ರಿಯಾಪದದ ಬೆನ್ನಿಗೆ ಹಾಕಿವೆ. ಯಾರು, ಯಾವಾಗ, ಮುಗಿದ ಕೆಲಸವೋ ನಡೀತಿದ್ದ ಕೆಲಸವೋ, ಖಚಿತವೋ ಬರೀ ಆಸೆಯೋ, ಇವೆಲ್ಲಾ ಒಂದೇ ಪದದ ಬಾಲದಲ್ಲಿ. ಭವಿಷ್ಯತ್ಕಾಲಕ್ಕೂ ಸ್ವಂತ ಬಾಲ ಇದೆ. ಅದು ಹುಟ್ಟಿದ ಕಥೆ ಮಜವಾಗಿದೆ. ಹಳೆಯ ಲ್ಯಾಟಿನ್ನಿನ ಭವಿಷ್ಯತ್ ರೂಪ ಆಡುಮಾತಿನಲ್ಲಿ ಸವೆದುಹೋಯ್ತು. ಜನ 'ಕಾಂತಾರೆ ಹಾಬೆಯೊ' ಅನ್ನೋಕೆ ಶುರು ಮಾಡಿದರು, ಅಂದರೆ ಸುಮಾರಾಗಿ 'ನನಗೆ ಹಾಡೋದಿದೆ'. ಆ 'ಇದೆ' ಕಾಲಕ್ರಮೇಣ ಹಾಡಿಗೇ ಅಂಟಿಕೊಂಡು ಸ್ಪ್ಯಾನಿಷಿನಲ್ಲಿ 'ಕಾಂತಾರೇ', ಇಟಾಲಿಯನ್ನಿನಲ್ಲಿ 'ಕಾಂತೆರೋ' ಆಯ್ತು. 'ಮಾಡಿ ಇದ್ದೇನೆ' ಅನ್ನೋದು 'ಮಾಡಿದ್ದೇನೆ' ಆಗಿ, ನಮ್ಮ ಬಾಯಲ್ಲಿ 'ಮಾಡಿದೀನಿ' ಆಗಿ ಕುಗ್ಗಿದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಜರ್ಮಾನಿಕ್ ಭಾಷೆಗಳು ಕ್ರಿಯಾಪದಕ್ಕೆ ಅಷ್ಟು ಭಾರ ಕೊಡಲಿಲ್ಲ. ಕ್ರಿಯಾಪದದ ರೂಪವನ್ನೇ ಬದಲಿಸಿ ಹೇಳುವ ಕಾಲಗಳು ಎರಡೇ: ಈಗ, ಆಗ. ಭವಿಷ್ಯಕ್ಕೆ ಇಂಗ್ಲಿಷಿನ 'ವಿಲ್', ಜರ್ಮನ್ನಿನ 'ವೆರ್ಡೆನ್' ಇಂಥ ಸಹಾಯಕರು ಬೇಕು. ಸಹಾಯಕರಿಲ್ಲದೆಯೂ ನಡೆಯುತ್ತೆ: 'ಇಷ್ ಕೊಮ್ಮೆ ಮಾರ್ಗೆನ್', ನಾನು ಬರ್ತೀನಿ ನಾಳೆ. ನಮ್ಮ ಆಡುಮಾತಿನ 'ಬರ್ತೀನಿ' ಇವತ್ತಿಗೂ ನಾಳೆಗೂ ಒಂದೇ ಅಲ್ವಾ, ಹಾಗೆ. ಭೂತಕಾಲಕ್ಕೆ ಎರಡು ದಾರಿ. ಒಂದು, ಕೊನೆಗೆ ಡಕಾರ ಅಥವಾ ತಕಾರ ಸೇರಿಸೋದು: ಇಂಗ್ಲಿಷಿನ 'ವರ್ಕ್ಡ್', ಜರ್ಮನ್ನಿನ 'ಮಾಖ್ಟೆ'. ಇನ್ನೊಂದು, ಪದದ ಹೊಟ್ಟೆಯೊಳಗಿನ ಸ್ವರವನ್ನೇ ಬದಲಿಸೋದು: ಇಂಗ್ಲಿಷಿನ 'ಸಿಂಗ್, ಸ್ಯಾಂಗ್, ಸಂಗ್', ಜರ್ಮನ್ನಿನ 'ಸಿಂಗೆನ್, ಸಾಂಗ್, ಗೆಸುಂಗೆನ್'. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಆ ಪಟ್ಟಿ ಇಂಗ್ಲಿಷಿನ ಕುಲಗೋತ್ರದ ದಾಖಲೆ. ಇಂಗ್ಲಿಷಿನ ಅರ್ಧಕ್ಕಿಂತ ಹೆಚ್ಚು ಪದಗಳು ಫ್ರೆಂಚ್ ಮತ್ತು ಲ್ಯಾಟಿನ್ನಿನಿಂದ ಬಂದಿರಬಹುದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ಮೂಳೆ ಜರ್ಮಾನಿಕ್. ಟ್ವೇನ್ ನಕ್ಕಿದ್ದು ಯಾರೋ ಪರಕೀಯರ ಮನೆ ನೋಡಿ ಅಲ್ಲ, ದಾಯಾದಿಯ ಮನೆ ನೋಡಿ.

ಇನ್ನು ಪದಕ್ರಮ. ಜರ್ಮಾನಿಕ್ ಮನೆಯ ನಿಜವಾದ ಕಟ್ಟಳೆ 'ಕ್ರಿಯಾಪದ ಕೊನೆಗೆ' ಅಲ್ಲ, 'ಕ್ರಿಯಾಪದ ಎರಡನೇ ಜಾಗಕ್ಕೆ'. ಮುಖ್ಯ ವಾಕ್ಯದಲ್ಲಿ ಮೊದಲ ಜಾಗಕ್ಕೆ ಯಾರು ಬೇಕಾದರೂ ಬರಲಿ, ಎರಡನೆಯದು ಕ್ರಿಯಾಪದಕ್ಕೆ ರಿಸರ್ವ್. 'ಹೊಯ್ಟೆ ಕೊಮ್ಮೆ ಇಷ್', ಇವತ್ತು ಬರ್ತೀನಿ ನಾನು. ಡಚ್, ಸ್ವೀಡಿಷ್ ಎಲ್ಲಾ ಹೀಗೇ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗೋದು ಜರ್ಮನ್, ಡಚ್‌ಗಳ ಪದ್ಧತಿ, ಸ್ವೀಡಿಷಿಗೆ ಅದಿಲ್ಲ. ಇಂಗ್ಲಿಷ್ ಎರಡನೇ ಜಾಗದ ಕಟ್ಟಳೆಯನ್ನೂ ಬಿಟ್ಟಿತು, ಆದರೆ 'ನೆವರ್ ಹ್ಯಾವ್ ಐ ಸೀನ್' ಅನ್ನುವಾಗ ಹಳೇ ನಡಿಗೆ ಇಣುಕುತ್ತೆ. ಭಾರತದಲ್ಲೂ ಈ ಕಟ್ಟಳೆ ಇರೋ ಭಾಷೆ ಇದೆ, ಕಾಶ್ಮೀರಿ.

ಫ್ರೆಂಚಿನ ಆ 'ಬುದ್ಧಿಯ ಕ್ರಮ' ಎಲ್ಲಿಂದ ಬಂತು ಹಾಗಾದರೆ? ವಿಭಕ್ತಿ ಕಳಕೊಂಡಿದ್ದರಿಂದ. ಲ್ಯಾಟಿನ್ನಿನಲ್ಲಿ ಪದದ ಕೊನೆ ನೋಡಿದರೆ ಯಾರು ಹೊಡೆದರು, ಯಾರಿಗೆ ಬಿತ್ತು ಅಂತ ಗೊತ್ತಾಗುತ್ತಿತ್ತು, ಹಾಗಾಗಿ ಪದಗಳು ಆರಾಮಾಗಿ ಓಡಾಡುತ್ತಿದ್ದವು. ಹಳೇ ಫ್ರೆಂಚಿನಲ್ಲಿ ಎರಡು ವಿಭಕ್ತಿ ಉಳಿದಿದ್ದವು, ಅವೂ ಹೋದವು. ಗುರುತಿನ ಚೀಟಿ ಹೋದಮೇಲೆ ಸೀಟ್ ನಂಬರೇ ಗತಿ. 'ರಾಮನನ್ನು ಕೃಷ್ಣ ಕರೆದ', 'ಕೃಷ್ಣ ರಾಮನನ್ನು ಕರೆದ', ಹೇಗೆ ಹೇಳಿದರೂ ನಮಗೆ ಗೊಂದಲವಿಲ್ಲ, 'ಅನ್ನು' ಇದೆ. ಫ್ರೆಂಚ್ ನಾಮಪದಕ್ಕೆ 'ಅನ್ನು' ಇಲ್ಲ, ಅದಕ್ಕೇ ಸಾಲಾಗಿ ನಿಲ್ಲಬೇಕು. ರಿವರೋಲ್ ಒಂದು ಅನಿವಾರ್ಯತೆಗೆ ತರ್ಕದ ಬಟ್ಟೆ ತೊಡಿಸಿದ. 'ಜ ತೇಮ್'ನಲ್ಲಿ ಆ ಬಟ್ಟೆ ಜಾರುತ್ತೆ: ಸರ್ವನಾಮಗಳಿಗೆ ಫ್ರೆಂಚಿನಲ್ಲಿ ಇನ್ನೂ ರೂಪಭೇದ ಉಳಿದಿದೆ. 'ನಾನು', 'ನನ್ನನ್ನು' ಬೇರೆಬೇರೆ ಅಂತ ಕಿವಿಗೇ ಗೊತ್ತಾಗುತ್ತೆ.

ಲಿಂಗದ ವಿಷಯಕ್ಕೆ ಬಂದರೆ ಇಬ್ಬರ ಮನೆ ದೋಸೆಯೂ ತೂತೇ. ಲ್ಯಾಟಿನ್ನಿನ ಮೂರು ಲಿಂಗ ಫ್ರೆಂಚಿಗೆ ಬರುವಷ್ಟರಲ್ಲಿ ಎರಡಾಯ್ತು. ಜರ್ಮನ್ ಮೂರನ್ನೂ ಉಳಿಸಿಕೊಂಡಿತು. ಸ್ವೀಡಿಷಿಗೆ ಎರಡು, ಇಂಗ್ಲಿಷಿಗೆ 'ಹೀ', 'ಶೀ' ಬಿಟ್ಟರೆ ಏನೂ ಇಲ್ಲ. ಜರ್ಮನ್ ಹುಡುಗಿ 'ಮೇಡ್‌ಶೆನ್' ನಪುಂಸಕ ಆಗಿದ್ದಕ್ಕೆ ಕಾರಣ ಇದೆ. 'ಶೆನ್' ಅನ್ನೋದು ಪುಟ್ಟದು ಅನ್ನುವ ಪ್ರತ್ಯಯ, ಅದು ಅಂಟಿದ ಪದವೆಲ್ಲಾ ನಪುಂಸಕ. ಅತ್ತ ಫ್ರೆಂಚಿನಲ್ಲಿ ಕಾವಲು ನಿಂತ ಮೀಸೆ ಹೊತ್ತ ಸಿಪಾಯಿಗೆ 'ಸಾಂತಿನೆಲ್' ಅಂತಾರೆ, ಆ ಪದ ಸ್ತ್ರೀಲಿಂಗ. ಸೂರ್ಯ ಫ್ರೆಂಚಿನಲ್ಲಿ ಗಂಡು, ಜರ್ಮನ್ನಿನಲ್ಲಿ ಹೆಣ್ಣು. ಚಂದ್ರ ಅದಲುಬದಲು. ನಮಗೆ ಇಬ್ಬರೂ ಗಂಡಸರು. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯಲ್ಲ. ಮೇಜು 'ಅದು' ಅಂತ ಬೆಳೆದವರು ಮೇಜಿಗೂ ಗಂಡು ಹೆಣ್ಣು ನೋಡೋದು ಬಾಯಿಪಾಠದಿಂದಲೇ.

ಒಂದು ಉದಾಹರಣೆ ನಿಮ್ಮ ಆಫೀಸ್ ಇಂಗ್ಲಿಷಿಗೂ ಉಪಯೋಗ ಆಗಬಹುದು. ಲಿಯೊನಾರ್ಡ್ ಟಾಲ್ಮಿ ಅನ್ನುವ ಭಾಷಾವಿಜ್ಞಾನಿ ತೋರಿಸಿದ ವ್ಯತ್ಯಾಸ ಇದು. ಯಾರೋ ಓಡಿಕೊಂಡು ಮನೆಯಿಂದ ಹೊರಗೆ ಬಂದರು ಅನ್ನೋಣ. ಜರ್ಮಾನಿಕ್ ಭಾಷೆಗಳಲ್ಲಿ ಓಟ ಕ್ರಿಯಾಪದದಲ್ಲಿ, ದಿಕ್ಕು ಪುಟ್ಟ ಬಾಲಂಗೋಚಿಯಲ್ಲಿ: 'ರ‍್ಯಾನ್ ಔಟ್'. ಸ್ಪ್ಯಾನಿಷಿನಲ್ಲಿ ದಿಕ್ಕೇ ಮುಖ್ಯ ಕ್ರಿಯಾಪದ, ಓಟ ಅದರ ಜೊತೆಗೆ: 'ಸಾಲಿಯೊ ಕೊರ‍್ರಿಯೆಂದೊ', ಅಂದರೆ ಓಡುತ್ತಾ ಹೊರಬಂದ. ಈ ಸಲ ಕನ್ನಡ ಸ್ಪ್ಯಾನಿಷ್ ಪಕ್ಷ. 'ಗಿವ್ ಅಪ್', 'ಗಿವ್ ಇನ್', 'ಪುಟ್ ಆಫ್' ನಮ್ಮನ್ನು ಯಾಕೆ ಗೋಳು ಹುಯ್ಕೊಳ್ಳುತ್ತವೆ, ನಾವು ಮೇಲ್ ಬರೆಯುವಾಗ ಯಾಕೆ 'ಪೋಸ್ಟ್‌ಪೋನ್' ಕಡೆ ಓಡ್ತೀವಿ ಅನ್ನೋದಕ್ಕೆ ಒಂದು ಕಾರಣ ಇಲ್ಲಿದೆ. 'ಪೋಸ್ಟ್‌ಪೋನ್' ಲ್ಯಾಟಿನ್ ಮೂಲದ್ದು, ಅರ್ಥವೆಲ್ಲಾ ಒಂದೇ ಪದದೊಳಗೆ. 'ಪುಟ್ ಆಫ್' ಜರ್ಮಾನಿಕ್, ಅರ್ಥ ಬಾಲದಲ್ಲಿ.

ಹಾಗಂತ ಎರಡು ಮನೆಗಳ ನಡುವೆ ಗೋಡೆ ಇದೆ ಅಂದುಕೊಂಡರೂ ತಪ್ಪಾಗುತ್ತೆ. 'ಓದಿದ್ದೇನೆ' ಅನ್ನೋಕೆ ಫ್ರೆಂಚ್, ಜರ್ಮನ್ ಎರಡೂ 'ಹೊಂದು' ಅನ್ನುವ ಅರ್ಥದ ಕ್ರಿಯಾಪದ ಬಳಸುತ್ತವೆ, 'ಹೋಗಿದ್ದೇನೆ' ಅನ್ನೋಕೆ ಮಾತ್ರ ಎರಡೂ 'ಇರು'ವಿಗೆ ಬದಲಾಗುತ್ತವೆ. ಇಟಾಲಿಯನ್ ಕೂಡ. ಆದರೆ ಫ್ರೆಂಚಿನ ಸ್ವಂತ ತಂಗಿ ಸ್ಪ್ಯಾನಿಷ್ ಹಾಗೆ ಮಾಡಲ್ಲ, ಜರ್ಮನ್ನಿನ ತಂಗಿ ಸ್ವೀಡಿಷ್ಷೂ ಮಾಡಲ್ಲ. ಇನ್ನೂ ಒಂದು: ಆಡುಮಾತಿನ ಫ್ರೆಂಚ್, ಉತ್ತರ ಇಟಲಿಯ ಮಾತು, ದಕ್ಷಿಣ ಜರ್ಮನಿಯ ಮಾತು, ಮೂರೂ ಸರಳ ಭೂತಕಾಲವನ್ನು ಬಿಟ್ಟು ಈ 'ಓದಿದ್ದೇನೆ' ರೂಪವನ್ನೇ ಎಲ್ಲದಕ್ಕೂ ಬಳಸುತ್ತವೆ. ರಕ್ತಸಂಬಂಧಕ್ಕಿಂತ ಪಕ್ಕದ ಮನೆ ಹತ್ತಿರ ಆಗಿಬಿಟ್ಟಿದೆ. ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಆಗ ಹಳ್ಳಿಯಾಗಿದ್ದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ವ್ಯಾಕರಣದಲ್ಲಿ ಹತ್ತಿರ ಹತ್ತಿರ ಬಂದಿದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲೇ ಬರೆದಿದ್ದಾರೆ. ನೂರಾರು ವರ್ಷ ಅಕ್ಕಪಕ್ಕ ಬದುಕಿದರೆ ಹಲವು ಕಡೆ ಹೀಗೇ ಆಗುತ್ತೆ.

ಮತ್ತೆ ಟ್ವೇನ್ ಹತ್ತಿರ ಬರೋಣ. ಅವನು ಫ್ರೆಂಚನ್ನೂ ಬಿಟ್ಟಿಲ್ಲ. ಅವನ ಜಿಗಿಯುವ ಕಪ್ಪೆಯ ಕಥೆ 1872ರಲ್ಲಿ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಅನುವಾದವಾಗಿ ಬಂತು. 1875ರಲ್ಲಿ ಅವನು ಆ ಫ್ರೆಂಚನ್ನು ಪದಕ್ಕೆ ಪದ ಇಟ್ಟು, ಫ್ರೆಂಚಿನ ಕ್ರಮವನ್ನೇ ಉಳಿಸಿ, ವಾಪಸ್ ಇಂಗ್ಲಿಷಿಗೆ ತಂದ. ಓದಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಬೇಕಾಗಿಯೋ ಬೇಡವಾಗಿಯೋ, ತನ್ನ ಜರ್ಮನ್ ಪ್ರಬಂಧದ ಗುಟ್ಟನ್ನು ಅವನೇ ಅಲ್ಲಿ ಬಿಟ್ಟುಕೊಟ್ಟಿದ್ದಾನೆ. 'ಸ್ಪಷ್ಟ' ಫ್ರೆಂಚ್ ಆದರೂ ಸರಿ, 'ಗಂಟು' ಜರ್ಮನ್ ಆದರೂ ಸರಿ, ಯಾವ ಭಾಷೆಯ ವಾಕ್ಯವನ್ನಾದರೂ ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಅದು ಹುಚ್ಚರ ಮಾತಿನ ಹಾಗೆ ಕೇಳುತ್ತೆ. 'ನನಗೆ ಹೊಟ್ಟೆ ಹಸೀತಿದೆ' ಅನ್ನೋದನ್ನ ಹಾಗೇ ಇಳಿಸಿ ನೋಡಿ. ನಗು ಹುಟ್ಟೋದು ಇಳಿಸುವ ರೀತಿಯಲ್ಲಿ, ಭಾಷೆಯಲ್ಲಲ್ಲ.

ಟ್ವೇನ್ ಇಂಗ್ಲಿಷ್ ಓದುಗರಿಗೆ ಬರೆದ, ಇಂಗ್ಲಿಷ್ ಅಳತೆ ಹಿಡಿದ, ಅದು ಅವನ ತಪ್ಪಲ್ಲ. ನನ್ನ ತಕರಾರು ನಮ್ಮ ಮೇಲೆ. ಕನ್ನಡ ಮಾತಾಡುವ ಮಕ್ಕಳಿಗೆ ಜರ್ಮನ್ ಕಲಿಸುವಾಗ ಇಂಗ್ಲಿಷಿನ ಬಾಗಿಲಿಂದಲೇ ಒಳಗೆ ಕರೀತೀವಿ. ಆ ಬಾಗಿಲು ಕೆಲವು ಕಡೆ ದೂರದ್ದು. ಉಪವಾಕ್ಯಕ್ಕೆ, ವಿಭಕ್ತಿಗೆ, ಸಮಾಸಕ್ಕೆ, ಸ್ಪ್ಯಾನಿಷಿನ ಬಾಲವಿರುವ ಕ್ರಿಯಾಪದಕ್ಕೆ ನಮ್ಮ ಮನೆಯಿಂದಲೇ ಹತ್ತಿರದ ದಾರಿ ಇದೆ. ಆ ದಾರಿ ಇದೆ ಅಂತಲೇ ಹೇಳದೆ, ಮೊದಲ ದಿನವೇ 'ಇದು ತುಂಬಾ ಕಷ್ಟದ ಭಾಷೆ' ಅಂತ ನಗಿಸಿ ಹೆದರಿಸ್ತೀವಿ. ಸಾಫ್ಟ್‌ವೇರಿನವರು ನಕ್ಕು ಬಿಟ್ಟುಬಿಡಬಹುದು. ಬಿಡೋಕೆ ಆಗದವರೂ ಅದೇ ಕ್ಲಾಸಿನಲ್ಲಿ ಕೂತಿರ್ತಾರೆ.

ಆ ನರ್ಸ್ ಏನಾದರು ಅಂತೀರಾ? ಮೊದಲ ಸಲ ಫೇಲಾದರು, ಎರಡನೇ ಸಲ ಪಾಸಾದರು. ಕನ್ನಡದ ಬಲದಿಂದಲೇ ಪಾಸಾದರು ಅಂತ ಹೇಳಿದರೆ ಸುಳ್ಳಾಗುತ್ತೆ. 'ದೆರ್, ದೀ, ದಾಸ್' ಅವರನ್ನು ಚೆನ್ನಾಗಿಯೇ ಸತಾಯಿಸಿತು, ನೈಟ್ ಶಿಫ್ಟಿನಲ್ಲಿ ಚೀಟಿ ಇಟ್ಟುಕೊಂಡು ಉರು ಹೊಡೆದರು. ಆದರೆ ಒಮ್ಮೆ ಅವರ ನೋಟ್‌ಬುಕ್ ನೋಡಿದ್ದೆ. ಪ್ರತಿ ಉದ್ದ ವಾಕ್ಯದ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದಿದ್ದರು, ಪದದ ಕೆಳಗೆ ಪದ. ಟೀಚರ್ ಕಂಡರೆ ಬೈತಾರೆ ಅಂತ ಕ್ಲಾಸಿಗೆ ಬರುವ ಮುಂಚೆ ಅಳಿಸಿಬಿಡುತ್ತಿದ್ದರಂತೆ.

ನಾನು ಎ2ಗೇ ನಿಲ್ಲಿಸಿದೆ. ಆನ್‌ಸೈಟೂ ಸಿಗಲಿಲ್ಲ, ಬಿಡಿ.